ಸ್ತೋತ್ರ ಅಂದ್ರೆ ರಸೀದಿ ಅಲ್ಲ ಸ್ವಾಮಿ!

ಹೋದ ತಿಂಗಳು ನಮ್ಮ ಸಭೆಯ ಕಮಿಟಿ ಮೀಟಿಂಗಿನಲ್ಲಿ ಒಂದು ಕವರಿನ ವಿಷಯಕ್ಕೆ ಒಂದೂವರೆ ಗಂಟೆ ಜಗಳ ಆಯ್ತು. ಶುರು ಮಾಡಿದವನು ನಾನೇ. ಮನೆಗೆ ಬಂದು ಊಟ ಮಾಡಿದ ಮೇಲೂ ತಲೆ ತಣ್ಣಗಾಗಲಿಲ್ಲ. ಅದಕ್ಕೇ ಇಲ್ಲಿ ಬರೀತಾ ಇದ್ದೀನಿ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ನೋಡಿ ಬದುಕಿದವನು ದೇವರ ವಿಷಯ ಬರೆಯೋಕೆ ಹೊರಟರೆ ಹೀಗೇ ಇರುತ್ತೆ, ಸಹಿಸಿಕೊಳ್ಳಿ.

ಚರ್ಚಿಗೆ ಹೋಗಿ ಅಭ್ಯಾಸ ಇಲ್ಲದ ಓದುಗರಿಗೆ ಮೊದಲು ಸ್ವಲ್ಪ ಹಿನ್ನೆಲೆ. ನಮ್ಮದು ಮುಂಬಯಿಯ ಉಪನಗರದಲ್ಲಿರೋ ಒಂದು ಸಣ್ಣ ಕನ್ನಡ ಪ್ರಾಟೆಸ್ಟೆಂಟ್ ಸಭೆ. ಹೆಸರು ಬೇಡ, ನಾನು ಹೇಳೋದು ಯಾವ ಸಭೆಗಾದರೂ ಒಪ್ಪುತ್ತೆ. ಅರ್ಧ ಜನ ಉಡುಪಿ, ಮಂಗಳೂರು ಕಡೆಯವರು, ಅರ್ಧ ಜನ ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿ ಕಡೆಯವರು. ಪಲ್ಯಕ್ಕೆ ತೆಂಗಿನಕಾಯಿ ಹಾಕಬೇಕೋ ಶೇಂಗಾ ಪುಡಿ ಹಾಕಬೇಕೋ ಅನ್ನೋದು ಬಿಟ್ಟರೆ ನಮ್ಮಲ್ಲಿ ದೊಡ್ಡ ಭಿನ್ನಾಭಿಪ್ರಾಯ ಇರಲಿಲ್ಲ, ಈ ಕವರ್ ಬರೋತನಕ!

ನಮ್ಮಲ್ಲಿ 'ಕೃತಜ್ಞತಾ ಕಾಣಿಕೆ' ಅಂತ ಒಂದು ಪದ್ಧತಿ ಉಂಟು. ಮನೆಯಲ್ಲಿ ಏನಾದರೂ ಒಳ್ಳೆಯದಾದರೆ ಒಂದು ಕವರಿನಲ್ಲಿ ಶಕ್ತಿಯಿದ್ದಷ್ಟು ಹಣ ಹಾಕಿ, ಮೇಲೆ ಹೆಸರು, ಕಾರಣ ಬರೆದು ಕೊಡ್ತಾರೆ. ಅಯ್ಯನವರು (ನಮ್ಮ ಕಡೆ ಪಾದ್ರಿಗಳನ್ನ ಹೀಗೇ ಕರೆಯೋದು) ಅದನ್ನ ಎಲ್ಲರೆದುರು ಓದಿ ಪ್ರಾರ್ಥನೆ ಮಾಡ್ತಾರೆ. ಹಿಂದೂ ಮಿತ್ರರಿಗೆ ಹರಕೆ ಸಲ್ಲಿಸೋದು ಗೊತ್ತಲ್ಲ, ದೂರದಿಂದ ನೋಡಿದರೆ ಹಾಗೇ ಕಾಣುತ್ತೆ. ಆದರೆ ನಮ್ಮ ಅಜ್ಜಂದಿರು ಕಷ್ಟಪಟ್ಟು ಒಂದು ವ್ಯತ್ಯಾಸ ಹೇಳಿಕೊಡ್ತಿದ್ದರು. ಹರಕೆಯಲ್ಲಿ ಮೊದಲೇ ಒಪ್ಪಂದ ಇರುತ್ತೆ, ಕೃತಜ್ಞತೆಯಲ್ಲಿ ಒಪ್ಪಂದ ಇಲ್ಲ ಅಂತ. ಆ ವ್ಯತ್ಯಾಸ ಈಗ ಎಲ್ಲಿ ಉಳಿದಿದೆ ಅನ್ನೋದೇ ನನ್ನ ತಕರಾರು.

ಈ ಸಲ ಕಮಿಟಿಯ ಹುಡುಗರು ಹೊಸ ಕವರಿನ ಡಿಸೈನ್ ತಂದರು. ಚೆನ್ನಾಗಿಯೇ ಇತ್ತು, ನಾಲ್ಕು ಬಣ್ಣ. ಕೈಬರಹ ಓದೋಕೆ ಆಗಲ್ಲ, ಅಯ್ಯನವರು ತಪ್ಪು ಓದ್ತಾರೆ, ಆಮೇಲೆ ಜನ ಬೇಜಾರು ಮಾಡ್ಕೊಳ್ತಾರೆ ಅಂತ ಕಾರಣಗಳನ್ನೆಲ್ಲ ಪ್ರಿಂಟ್ ಮಾಡಿ ಪಕ್ಕದಲ್ಲಿ ಚೌಕ ಹಾಕಿದ್ದರು. ಟಿಕ್ ಮಾಡಿದರೆ ಆಯ್ತು. ಹುಟ್ಟುಹಬ್ಬ. ಮದುವೆ ವಾರ್ಷಿಕೋತ್ಸವ. ಪರೀಕ್ಷೆಯಲ್ಲಿ ಪಾಸು. ಕೆಲಸ, ಬಡ್ತಿ. ಹೊಸ ಮನೆ. ಹೊಸ ವಾಹನ. ವೀಸಾ, ವಿದೇಶ ಪ್ರಯಾಣ. ರೋಗದಿಂದ ಗುಣ. ಕೊನೆಗೆ, ಇತರೆ.

ನಾನು ಸಭೆಯ ಖಜಾಂಚಿ. ನನಗೆ ತುಂಬ ಅನುಕೂಲ, ಖುಷಿಪಡ್ತಾನೆ ಅಂತ ಅವರ ಲೆಕ್ಕ. ನಿಜ ಹೇಳಬೇಕೆಂದರೆ ಬ್ಯಾಂಕಿನ ವೋಚರ್ ಹಾಗೇ ಇತ್ತು ಅದು. ಮೂವತ್ತು ವರ್ಷ ಅದನ್ನೇ ನೋಡಿದ ಕಣ್ಣಿಗೆ ಹಿತವಾಗಬೇಕಿತ್ತು. ಆಗಲಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ. "ಅವ್ವ ಯಾವ ಚೌಕಕ್ಕೆ ಟಿಕ್ ಹಾಕಬೇಕು?"

ಅವ್ವ ಅಂದರೆ ನಮ್ಮ ಸಭೆಯ ಒಬ್ಬ ಹಿರಿಯ ಹೆಂಗಸು. ಬೆಟಗೇರಿ ಕಡೆಯವರು. ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ದುಡಿದು ರಿಟೈರ್ ಆದವರು. ಒಬ್ಬನೇ ಮಗ, ಇಪ್ಪತ್ತೆರಡನೇ ವಯಸ್ಸಿನಲ್ಲಿ ಲೋಕಲ್ ಟ್ರೈನಿನಿಂದ ಬಿದ್ದು ಹೋದ. ಮುಂಬಯಿಯಲ್ಲಿ ಇರುವವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ. ಪ್ರತಿ ವರ್ಷ ಅವನು ಹೋದ ದಿನದ ಹತ್ತಿರದ ಭಾನುವಾರ ಅವ್ವನ ಕವರ್ ಬರುತ್ತೆ. ಒಳಗೆ 51 ರೂಪಾಯಿ. ಮೇಲೆ ವಕ್ರವಕ್ರ ಅಕ್ಷರದಲ್ಲಿ ಮಗನ ಹೆಸರು, ಕೆಳಗೆ 'ಸ್ತೋತ್ರ'.

ನಾನು ಖಜಾಂಚಿಯಾದ ಮೊದಲ ವರ್ಷ ಆ ಕವರ್ ನೋಡಿ ತೊಂದರೆಗೆ ಬಿದ್ದೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಎರಡು ಹೆಡ್ ಉಂಟು. ಒಳ್ಳೆಯದಾದ್ದಕ್ಕೆ ಕೊಟ್ಟರೆ ಕೃತಜ್ಞತಾ ಕಾಣಿಕೆ. ತೀರಿಕೊಂಡವರ ಹೆಸರಲ್ಲಿ ಕೊಟ್ಟರೆ ಸ್ಮರಣಾರ್ಥ ಕಾಣಿಕೆ. ಇದು ಯಾವುದು? ಆರಾಧನೆ ಮುಗಿದ ಮೇಲೆ ಚಪ್ಪಲಿ ಹುಡುಕ್ತಾ ನಿಂತಿದ್ದ ಅವ್ವನ ಹತ್ತಿರ ಹೋಗಿ ಕೇಳಿದೆ. "ಅವ್ವಾ, ಇದು ನೆನಪಿಗೋ, ಸ್ತೋತ್ರಕ್ಕೋ? ಯಾವ ಲೆಕ್ಕಕ್ಕೆ ಬರಕೊಳ್ಳಲಿ?"

ಅವ್ವ ನನ್ನ ಮುಖ ನೋಡಿದರು. "ಎರಡೂ ಹೌದಲ್ಲೋ ತಮ್ಮಾ. ಇಪ್ಪತ್ತೆರಡ ವರ್ಷ ಇದ್ದನಲ್ಲ ನನ್ನ ಕೂಡ."

ಅಷ್ಟೇ. ಚಪ್ಪಲಿ ಹಾಕಿಕೊಂಡು ಹೋದರು. ನಾನು ಅವತ್ತು ಆ 51 ರೂಪಾಯಿಯನ್ನ ಸ್ಮರಣಾರ್ಥ ಹೆಡ್‌ಗೆ ಹಾಕಿದೆ, ಯಾಕಂದರೆ ಪುಸ್ತಕದಲ್ಲಿ 'ಎರಡೂ' ಅನ್ನೋ ಕಾಲಂ ಇರಲಿಲ್ಲ. ಬ್ಯಾಂಕಿನಲ್ಲಾದರೆ ಹೆಡ್ ಗೊತ್ತಾಗದ ದುಡ್ಡನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಿ. ದೇವರ ಮನೆಯಲ್ಲಿ ಆ ಸೌಕರ್ಯವೂ ಇಲ್ಲ!

ಈಗ ನನ್ನ ವಿಷಯ. ಬರೆಯೋದೋ ಬೇಡವೋ ಅಂತ ಯೋಚಿಸಿದೆ, ಬರೆಯದಿದ್ದರೆ ಜಗಳಕ್ಕೆ ಅರ್ಥ ಇರಲ್ಲ. 2021ರ ಏಪ್ರಿಲ್‌ನಲ್ಲಿ, ಕೋವಿಡ್‌ನ ಎರಡನೇ ಅಲೆಯಲ್ಲಿ ನನ್ನ ಹೆಂಡತಿ ಹೋದಳು. ಹನ್ನೊಂದು ದಿನ ಆಸ್ಪತ್ರೆ. ಕೊನೆಗೆ ಮುಖ ಸರಿಯಾಗಿ ನೋಡೋಕೂ ಬಿಡಲಿಲ್ಲ. ಅದೇ ವರ್ಷ ಡಿಸೆಂಬರ್ 31ರ ರಾತ್ರಿ ವರ್ಷಾಂತ್ಯದ ಆರಾಧನೆ. ಆ ರಾತ್ರಿ ನಮ್ಮಲ್ಲಿ 'ಸಾಕ್ಷಿ' ಹೇಳೋ ಸಮಯ ಇರುತ್ತೆ. ಒಬ್ಬೊಬ್ಬರೇ ಎದ್ದು ಆ ವರ್ಷ ದೇವರು ತಮಗೆ ಮಾಡಿದ ಉಪಕಾರ ಹೇಳಬೇಕು. ಒಬ್ಬರು ಎದ್ದು ನಿಂತರು. ನಮ್ಮ ಬಿಲ್ಡಿಂಗಿನಲ್ಲಿ ಮೂರನೇ ಮಾಳಿಗೆಯಲ್ಲಿ ಇಬ್ಬರು ಹೋದರು, ಐದನೇ ಮಾಳಿಗೆಯಲ್ಲಿ ಒಬ್ಬರು ಹೋದರು, ನಾವು ನಾಲ್ಕನೇ ಮಾಳಿಗೆ, ನಮ್ಮ ಬಾಗಿಲನ್ನ ಮಾತ್ರ ಕರ್ತನು ಕಾಪಾಡಿದ, ಒಬ್ಬರಿಗೆ ಶೀತ ಕೂಡ ಆಗಲಿಲ್ಲ, ಸ್ತೋತ್ರ ಅಂದರು. ಎಲ್ಲರೂ ಹಲ್ಲೆಲೂಯಾ ಅಂದರು.

ನಾನು ನಾಲ್ಕನೇ ಬೆಂಚಿನಲ್ಲಿ ಕೂತಿದ್ದೆ.

ಒಂದು ಮಾತು ಹೇಳಿಬಿಡ್ತೀನಿ. ಆ ಮನುಷ್ಯ ಕೆಟ್ಟವರಲ್ಲ. ನನ್ನ ಹೆಂಡತಿಗೆ ಆಕ್ಸಿಜನ್ ಸಿಲಿಂಡರ್ ಹುಡುಕಿಕೊಂಡು ಅರ್ಧ ಥಾಣೆ ಸ್ಕೂಟರಿನಲ್ಲಿ ಸುತ್ತಿದವರು ಅವರೇ. ಆ ಋಣ ನಾನು ಸಾಯೋತನಕ ತೀರಿಸೋಕೆ ಆಗಲ್ಲ. ಹಾಗಿದ್ದವರ ಬಾಯಿಂದ ಆ ಮಾತು ಹೇಗೆ ಬಂತು? ಸಾಕ್ಷಿಯ ಮೈಕು ಕೈಗೆ ಬಂದಾಗ ಹೇಳಬೇಕಾದ್ದು ಅದೊಂದೇ ಅಂತ ನಾವೆಲ್ಲ ಸೇರಿ ಅವರಿಗೆ ಕಲಿಸಿದ್ದೀವಿ. ತಪ್ಪು ಅವರದಲ್ಲ, ಆ ನಮೂನೆಯದು.

ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳೋ ಒಂದು ಕಥೆ ಉಂಟು. ಇಬ್ಬರು ದೇವಾಲಯಕ್ಕೆ ಹೋಗ್ತಾರೆ, ಒಬ್ಬ ಫರಿಸಾಯ, ಒಬ್ಬ ಸುಂಕದವನು. ಫರಿಸಾಯನ ಪ್ರಾರ್ಥನೆ ಶುರುವಾಗೋದು ಏನರಿಂದ ಗೊತ್ತಾ? ಕೃತಜ್ಞತೆಯಿಂದ! ತಾನು ಬೇರೆಯವರ ಹಾಗಿಲ್ಲ ಅಂತ ದೇವರಿಗೆ ವಂದನೆ ಹೇಳ್ತಾನೆ. ಸುಂಕದವನು ಕೃತಜ್ಞತೆಯ ಮಾತೇ ಎತ್ತಲ್ಲ, ಎದೆ ಬಡಕೊಂಡು ಕರುಣಿಸು ಅಂತಾನೆ. ದೇವರ ದೃಷ್ಟಿಯಲ್ಲಿ ನೀತಿವಂತನಾಗಿ ಮನೆಗೆ ಹೋದವನು ಈ ಎರಡನೆಯವನು. ಈ ಕಥೆಯನ್ನ ನಾವು ಅಹಂಕಾರದ ಪಾಠ ಅಂತ ಭಾನುವಾರ ಶಾಲೆಯಲ್ಲಿ ಕಲೀತೀವಿ. ಪಕ್ಕದವನನ್ನ ಅಳತೆಗೋಲು ಮಾಡಿಕೊಂಡು ಹೇಳುವ ಸ್ತೋತ್ರದ ಬಗ್ಗೆಯೂ ಅದು ಅಂತ ಯಾವ ಅಯ್ಯನವರೂ ನನಗೆ ಹೇಳಿದ್ದು ನೆನಪಿಲ್ಲ.

ಅದಕ್ಕೆ ಬದಲಾಗಿ ಕೃತಜ್ಞತಾ ಭಾನುವಾರ ಬಂತು ಅಂದರೆ ಹತ್ತು ಮಂದಿ ಕುಷ್ಠರೋಗಿಗಳ ಕಥೆ ಗ್ಯಾರಂಟಿ. ಹತ್ತು ಮಂದಿಗೂ ಗುಣವಾಯ್ತು, ತಿರುಗಿ ಬಂದು ಉಪಕಾರ ನೆನೆದವನು ಒಬ್ಬನೇ, ಅದೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ, ನೀವು ಒಂಬತ್ತರಲ್ಲಿ ಒಬ್ಬರಾ ಅಂತ ಬೆರಳು ತೋರಿಸಿ ಪ್ರಸಂಗ. ಆಮೇಲೆ ಕವರ್ ಹಂಚೋದು. ನಾನು ಲೆಕ್ಕದವನು, ನನಗೆ ಆ ಕಥೆಯಲ್ಲಿ ಕಾಣೋದು ಬೇರೆ. ಬಾರದೇ ಹೋದ ಒಂಬತ್ತು ಮಂದಿಗೆ ಕೊಟ್ಟ ಗುಣವನ್ನ ಯೇಸು ವಾಪಸ್ ತಗೊಳ್ಳಲಿಲ್ಲ. ಒಂದು ರಿವರ್ಸಲ್ ಎಂಟ್ರಿ ಇಲ್ಲ! ಎಲ್ಲಿ ಅಂತ ಕೇಳಿದ, ಬೇಸರಪಟ್ಟ, ಅಷ್ಟೇ. ಥ್ಯಾಂಕ್ಸ್ ಹೇಳಿದರೆ ಮಾತ್ರ ಮುಂದಿನ ಕಂತು ಬರುತ್ತೆ ಅನ್ನೋ ಲೆಕ್ಕ ಅಲ್ಲಿ ಇಲ್ಲವೇ ಇಲ್ಲ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಫೋನಿನಲ್ಲಿ ನನಗೆ ಬಂದ ಉಪದೇಶ ಇದೇ. ಗುಣವಾಗೋ ಮೊದಲೇ ಸ್ತೋತ್ರ ಹೇಳಿ ಬ್ರದರ್, ಈ ರೋಗಕ್ಕಾಗಿಯೇ ಸ್ತೋತ್ರ ಹೇಳಿ, ಆಗ ಬಿಡುಗಡೆ ಬರುತ್ತೆ. ಹೇಳಿದೆ ಸ್ವಾಮಿ. ಆಸ್ಪತ್ರೆಯ ಗೇಟಿನ ಹೊರಗೆ ಫುಟ್‌ಪಾತಿನ ಮೇಲೆ ನಿಂತು ಹೇಳಿದೆ. ಹನ್ನೊಂದನೇ ದಿನದ ನಂತರ ಆ ಫೋನುಗಳು ನಿಂತವು. ಅವರಿಗೂ ಏನು ಹೇಳಬೇಕೋ ಗೊತ್ತಾಗಿರಲಿಕ್ಕಿಲ್ಲ. ಆಮೇಲೆ ಎರಡು ವರ್ಷ ನಾನು ಚರ್ಚಿನಲ್ಲಿ ಕೂತಿದ್ದು ಉಂಟು, ಹಾಡಲಿಲ್ಲ.

ಈ ಉಪದೇಶ ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿದೆ. ಒಂದು ದೊಡ್ಡ ಮೂಲ ಅಮೆರಿಕದ ಸೈನ್ಯದಲ್ಲಿ ಚಾಪ್ಲಿನ್ ಆಗಿದ್ದ ಮರ್ಲಿನ್ ಕರೋಥರ್ಸ್ ಅನ್ನುವವರು 1970ರಲ್ಲಿ ಬರೆದ 'ಪ್ರಿಸನ್ ಟು ಪ್ರೈಸ್' ಅನ್ನೋ ಸಣ್ಣ ಪುಸ್ತಕ. ಲಕ್ಷಗಟ್ಟಲೆ ಮಾರಾಟವಾಯ್ತು. ಕೆಟ್ಟದ್ದು ನಡೆದರೆ ಆ ಕೆಟ್ಟದ್ದಕ್ಕೇ ದೇವರನ್ನ ಕೊಂಡಾಡಬೇಕು ಅನ್ನೋದು ಅದರ ತಿರುಳು. ಅದನ್ನ ಓದಿ ಧೈರ್ಯ ಪಡೆದವರಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಇನ್ನೊಬ್ಬರ ಗಾಯದ ಮೇಲೆ ಇಡೋ ಔಷಧಿ ಅಂತ ಅದನ್ನ ಹಿಡ್ಕೊಂಡು ಓಡಾಡುವವರನ್ನ ಕಂಡರೆ ನನಗೆ ಮೈ ಉರಿಯುತ್ತೆ.

ಇಲ್ಲಿ ನಮ್ಮ ಕನ್ನಡ ವ್ಯಾಕರಣ ಸಹಾಯಕ್ಕೆ ಬರುತ್ತೆ, ನೋಡಿ. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು ಬಾಯಿಪಾಠ ಮಾಡಿಸಿದ್ದು ನೆನಪಿದೆಯಾ? ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಕೃತಜ್ಞರಾಗಿರಿ ಅಂತ ಹೇಳುವಾಗ ಬಳಸೋದು ಸಪ್ತಮಿ, 'ಅಲ್ಲಿ'. ಎಲ್ಲ ಸ್ಥಿತಿಗಳಲ್ಲೂ ಅಂತ. ಗ್ರೀಕ್ ಮೂಲದಲ್ಲೂ 'ಒಳಗೆ' ಅನ್ನೋ ಅರ್ಥದ ಮಾತೇ ಇರೋದು. ಚತುರ್ಥಿ 'ಗೆ' ಅಲ್ಲ. ರೋಗದಲ್ಲಿ ಸ್ತೋತ್ರ ಹೇಳೋದು ಬೇರೆ, ರೋಗಕ್ಕೆ ಸ್ತೋತ್ರ ಹೇಳೋದು ಬೇರೆ. ಒಂದು ವಿಭಕ್ತಿ ಪ್ರತ್ಯಯದ ವ್ಯತ್ಯಾಸದಲ್ಲಿ ಒಬ್ಬ ಮನುಷ್ಯನ ನಂಬಿಕೆ ಉಳಿಯಬಹುದು ಅಥವಾ ಹೋಗಬಹುದು ಮಾರಾಯ್ರೆ.

ಮೀಟಿಂಗಿನಲ್ಲಿ ಇದನ್ನ ಹೇಳಿದಾಗ ನಮ್ಮ ಅಯ್ಯನವರು (ಸಣ್ಣ ಪ್ರಾಯದವರು, ಓದಿಕೊಂಡವರು) ಕೂಡಲೇ ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯ ತೆಗೆದು ತೋರಿಸಿದರು. ಅಲ್ಲಿ ಎಲ್ಲಕ್ಕಾಗಿಯೂ ಅನ್ನೋ ಅರ್ಥವೇ ಬರುತ್ತೆ. ಹೌದು, ಬರುತ್ತೆ. ನಾನು ಅದನ್ನ ವೈಟ್ನರ್ ಹಾಕಿ ಅಳಿಸಲಾರೆ. ಆದರೆ ಒಂದು ಪುಟ ತಿರುಗಿಸಿ ಅಂದೆ. ಮುಂದಿನ ಅಧ್ಯಾಯದಲ್ಲೇ ಅದೇ ಪತ್ರ ಕೇಡಿನ ಎದುರು ನಿಲ್ಲೋಕೆ ಕವಚ, ಗುರಾಣಿ, ಶಿರಸ್ತ್ರಾಣ ಎಲ್ಲ ತೊಡಿಸುತ್ತೆ. ಕೇಡಿಗೂ ಸ್ತೋತ್ರ ಹೇಳಬೇಕಿದ್ದರೆ ಆ ಕವಚ ಯಾಕೆ? ಲಾಜರನ ಸಮಾಧಿಯ ಎದುರು ಯೇಸು ಅತ್ತ. ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ತ. ಇನ್ನು ಕೀರ್ತನೆಗಳ ಪುಸ್ತಕ, 150 ಹಾಡು, ಅದರಲ್ಲಿ ಬೇರೆ ಎಲ್ಲ ಬಗೆಗಿಂತ ಹೆಚ್ಚು ಇರೋದು ಗೋಳಿನ ಹಾಡುಗಳು. 88ನೆಯದು ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತೆ, ಕೊನೆಗೊಂದು ಹಲ್ಲೆಲೂಯಾ ಅಂಟಿಸಿ ಸರಿ ಮಾಡಿಲ್ಲ. ಸಂಪಾದಕರು ತೆಗೆದೂ ಹಾಕಿಲ್ಲ!

ಅಯ್ಯನವರ ಇನ್ನೊಂದು ಮಾತಿಗೆ ಮಾತ್ರ ನನ್ನ ಹತ್ತಿರ ಸುಲಭದ ಉತ್ತರ ಇರಲಿಲ್ಲ. ಅವರು ಹೇಳಿದ್ದು ಹೀಗೆ. "ಅಣ್ಣಾ, ನಮ್ಮ ಜನ ಸಣ್ಣ ಕೆಲಸದವರು. ಹತ್ತು ಬೈ ಹತ್ತರ ಖೋಲಿಯಿಂದ ಒನ್ ಬಿ.ಎಚ್.ಕೆ.ಗೆ ಹೋಗೋಕೆ ಇಪ್ಪತ್ತು ವರ್ಷ ತಗೊಂಡಿರ್ತಾರೆ. ಆ ಖುಷಿಯನ್ನ ಎದ್ದು ನಿಂತು ಹೇಳೋಕೆ ಅವರಿಗೆ ಬೇರೆ ಜಾಗ ಯಾವುದುಂಟು? ಆಫೀಸಿನಲ್ಲಿ ಅವರ ಮಾತು ಯಾರು ಕೇಳ್ತಾರೆ?"

ಇದು ಸುಳ್ಳಲ್ಲ. ನಾನೇ 1996ರಲ್ಲಿ ಟ್ರಾನ್ಸ್‌ಫರ್ ಆಗಿ ಬಂದು, ಡೊಂಬಿವಲಿಯಲ್ಲಿ ಬಾಡಿಗೆ ಮನೆ ಸಿಕ್ಕಿದ್ದಕ್ಕೆ 101 ರೂಪಾಯಿ ಕವರಿನಲ್ಲಿ ಹಾಕಿ ಕೊಟ್ಟವನು. ಅಯ್ಯನವರು ಹೆಸರು ಓದಿದಾಗ ಎದೆ ಉಬ್ಬಿತ್ತು. ಹೆಂಡತಿ ಮೊಣಕೈಯಲ್ಲಿ ತಿವಿದು ನಕ್ಕಿದ್ದಳು. ಹೊಸ ಮನೆಗೆ, ಮಗುವಿಗೆ, ಪಾಸಾದದ್ದಕ್ಕೆ ಸ್ತೋತ್ರ ಹೇಳಬೇಡಿ ಅಂತ ನಾನು ಹೇಳ್ತಾ ಇಲ್ಲ. ಹೇಳಲೇಬೇಕು. ನನ್ನ ತಕರಾರು ಅದೊಂದೇ ಸ್ತೋತ್ರ ಅಂತ ಪ್ರಿಂಟ್ ಹಾಕಿಸೋದಕ್ಕೆ. ಚೌಕಕ್ಕೆ ಸಿಗದವರೆಲ್ಲ 'ಇತರೆ' ಆಗೋದಕ್ಕೆ. ಬಡ್ತಿ ಸಿಗದವನು, ಮಕ್ಕಳಾಗದವಳು, ವೀಸಾ ರಿಜೆಕ್ಟ್ ಆದ ಹುಡುಗ ಡಿಸೆಂಬರ್ 31ರ ರಾತ್ರಿ ತಲೆ ತಗ್ಗಿಸಿ ಕೂತು, ಮುಂದಿನ ವರ್ಷ ಮೆಲ್ಲಗೆ ಬರೋದೇ ನಿಲ್ಲಿಸ್ತಾರೆ. ಖಜಾಂಚಿಗೆ ಗೊತ್ತಾಗುತ್ತೆ ಸ್ವಾಮಿ, ಯಾರ ಕವರ್ ನಿಂತಿತು ಅಂತ.

ನಾವು ಪ್ರಾಟೆಸ್ಟೆಂಟರು ಬಾಂದ್ರಾದ ಮೌಂಟ್ ಮೇರಿ ಜಾತ್ರೆಯನ್ನ ನೋಡಿ ನಗ್ತೀವಿ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಮೇಣದ ಕೈ, ಮೇಣದ ಕಾಲು, ಮೇಣದ ಮನೆ ಮಾರ್ತಾರೆ. ಕಾಲುನೋವಿನವರು ಕಾಲು ಅರ್ಪಿಸ್ತಾರೆ, ಮನೆ ಬೇಕಾದವರು ಮನೆ. ಎಲ್ಲ ಧರ್ಮದವರೂ ಬರ್ತಾರೆ. ಮೂಢನಂಬಿಕೆ ಅಂತ ನಾವು ಮೂಗು ಮುರೀತೀವಿ. ಈ ಹೊಸ ಕವರಿಗೂ ಮೇಣದ ಮನೆಗೂ ಏನು ವ್ಯತ್ಯಾಸ ಹೇಳಿ? ಅಲ್ಲಿ ಕನಿಷ್ಠಪಕ್ಷ ನೋವಿರುವವನಿಗೂ ಕೊಳ್ಳೋಕೆ ಒಂದು ವಸ್ತು ಉಂಟು.

ಕೃತಜ್ಞತೆ ಅನ್ನೋ ಶಬ್ದವನ್ನೇ ಬಿಡಿಸಿ ನೋಡಿ. ಕೃತ, ಅಂದರೆ ಮಾಡಿದ್ದು. ಜ್ಞ, ಅಂದರೆ ಬಲ್ಲವನು. ತನಗೆ ಮಾಡಿದ್ದನ್ನ ತಿಳಿದವನು, ಮರೆಯದವನು. ಅಂದರೆ ಅವ್ವ ಹೇಳಿದ್ದೇ ಸರಿ, ನೆನಪು ಮತ್ತು ಸ್ತೋತ್ರ ಎರಡು ಹೆಡ್ ಅಲ್ಲ. ನಮ್ಮ ಮನೆಗಳಲ್ಲಿ ಬಾಯಲ್ಲಿ ಥ್ಯಾಂಕ್ಸ್ ಹೇಳೋ ಅಭ್ಯಾಸವೇ ಇರಲಿಲ್ಲ. ಅಮ್ಮ ಯಾರಿಗೂ ಧನ್ಯವಾದ ಅಂದಿದ್ದು ನಾನು ಕೇಳಿಲ್ಲ. ಆದರೆ ಪಕ್ಕದ ಮನೆಯವರು ಪತ್ರೊಡೆ ಕಳಿಸಿದ ಪಾತ್ರೆ ವಾಪಸ್ ಹೋಗುವಾಗ ಖಾಲಿ ಹೋಗ್ತಿರಲಿಲ್ಲ. ಏನೂ ಇಲ್ಲದಿದ್ದರೆ ಎರಡು ನಿಂಬೆಹಣ್ಣು, ಒಂದು ಮುಷ್ಟಿ ಕರಿಬೇವು. ಅದು ಸಾಲ ತೀರಿಸೋದಲ್ಲ. ನಾಳೆಯೂ ಪಾತ್ರೆ ಓಡಾಡ್ತಾ ಇರಲಿ ಅಂತ.

ಇನ್ನು ಹಣದ ವಿಷಯ. ಕಾರಣ ಬರೆಸದಿದ್ದರೆ ಜನ ಕೊಡಲ್ಲ, ಸಭೆ ಹೇಗೆ ನಡೆಸ್ತೀರಿ ಅಂತ ಒಬ್ಬರು ನನಗೇ ಕೇಳಿದರು, ಖಜಾಂಚಿಗೇ! ಮಿಜೋರಾಂಗೆ ಹೋಗಿ ನೋಡಿ. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯಲ್ಲಿ 1910ರಿಂದ 'ಬುಹ್‌ಫಾಯ್ ಥಾಮ್' ಅನ್ನೋ ಪದ್ಧತಿ ನಡೆದುಕೊಂಡು ಬಂದಿದೆ. ಪ್ರತಿ ಸಲ ಅನ್ನಕ್ಕಿಡುವಾಗ ಮನೆಯ ಹೆಂಗಸು ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡೋದು. ಸಭೆಯ ಹೆಂಗಸರು ಅದನ್ನ ಒಟ್ಟು ಮಾಡಿ ಮಾರ್ತಾರೆ. ಆ ಹಿಡಿ ಅಕ್ಕಿಯಿಂದಲೇ ಅವರ ಸಭೆಗೆ ದೊಡ್ಡ ಆದಾಯ. ಯಾವ ಕಾರಣಕ್ಕೆ ಈ ಹಿಡಿ ಅಂತ ಯಾರೂ ಕೇಳಲ್ಲ. ಇವತ್ತು ಅನ್ನ ಬೇಯ್ತಾ ಇದೆ, ಅಷ್ಟೇ ಕಾರಣ.

ಪೌಲನೂ ಒಂದು ರಸೀದಿ ಬರೆದಿದ್ದಾನೆ, ಗೊತ್ತಾ? ಫಿಲಿಪ್ಪಿಯವರಿಗೆ ಬರೆದ ಪತ್ರ. ನಾಲ್ಕೇ ಅಧ್ಯಾಯ, ಸಂತೋಷ ಅನ್ನೋ ಮಾತು ಮತ್ತೆ ಮತ್ತೆ. ಬರೆದದ್ದು ಸೆರೆಯಲ್ಲಿ ಕೂತು. ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಸಹಾಯ ಕಳಿಸಿದ್ದರು, ಅದು ಮುಟ್ಟಿತು ಅಂತ ಕೊನೆಯ ಅಧ್ಯಾಯದಲ್ಲಿ ತಿಳಿಸ್ತಾನೆ. ಅಲ್ಲಿ ಅವನು ಬಳಸೋದು ಅಪ್ಪಟ ವ್ಯಾಪಾರದ ಭಾಷೆ. ಪೂರ್ತಿ ಸಂದಾಯವಾಯ್ತು ಅನ್ನೋಕೆ ಆ ಕಾಲದ ರಸೀದಿಗಳಲ್ಲಿ ಬರೀತಿದ್ದ ಶಬ್ದವೇ ಅಲ್ಲಿದೆ, ಲೆಕ್ಕ ಅನ್ನೋ ಮಾತೂ ಇದೆ. ಓದಿದಾಗ ಬ್ಯಾಂಕಿನವನಿಗೆ ಒಳಗೊಳಗೇ ಖುಷಿ. ಆದರೆ ಅವನ ಸಂತೋಷ ಆ ರಸೀದಿಯ ಮೇಲೆ ನಿಂತಿಲ್ಲ. ತುಂಬಿದಾಗಲೂ ಹಸಿದಾಗಲೂ ಇರೋಕೆ ಕಲಿತಿದ್ದೀನಿ ಅನ್ನೋ ಅರ್ಥದ ಮಾತು ಅದಕ್ಕಿಂತ ಮೊದಲೇ ಹೇಳಿಬಿಟ್ಟಿರ್ತಾನೆ. ಗಮನಿಸಿ, ಕಲಿತಿದ್ದೀನಿ ಅಂತಾನೆ. ಟಿಕ್ ಹಾಕಿದ್ದೀನಿ ಅಂತಲ್ಲ.

ಈಗ ನನ್ನ ಮುಖ್ಯ ಸಾಕ್ಷಿದಾರನನ್ನ ಕರೀತೀನಿ. ಹೆಸರು ಮಾರ್ಟಿನ್ ರಿಂಕಾರ್ಟ್. ಜರ್ಮನಿಯ ಸ್ಯಾಕ್ಸನಿಯ ಐಲೆನ್‌ಬುರ್ಗ್ ಅನ್ನೋ ಕೋಟೆಯ ಊರಿನ ಪಾದ್ರಿ, 1586ರಲ್ಲಿ ಹುಟ್ಟಿ 1649ರಲ್ಲಿ ತೀರಿಕೊಂಡವನು. ನಮಗೇನು ಸಂಬಂಧ ಅಂತೀರಾ? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ತಂದ ಜರ್ಮನ್ ರಾಗಗಳಲ್ಲೇ ನಾವು ಇವತ್ತಿಗೂ ಕನ್ನಡದಲ್ಲಿ ಹಾಡ್ತೀವಿ. ನಮ್ಮಜ್ಜ ಅವರ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಈ ರಿಂಕಾರ್ಟ್ ಬರೆದದ್ದು 'ನುನ್ ದಾಂಕೆಟ್ ಆಲ್ಲೆ ಗಾಟ್', ಪ್ರಪಂಚದ ಪ್ರಾಟೆಸ್ಟೆಂಟರೆಲ್ಲ ಹಾಡೋ ಕೃತಜ್ಞತಾ ಗೀತೆ.

ಅವನ ಬದುಕು ಕೇಳಿ. 1618ರಿಂದ 1648ರವರೆಗೆ ಮೂವತ್ತು ವರ್ಷದ ಯುದ್ಧ. ಸುತ್ತಲಿನ ಹಳ್ಳಿಗಳ ನಿರಾಶ್ರಿತರೆಲ್ಲ ಐಲೆನ್‌ಬುರ್ಗಿನ ಗೋಡೆಯೊಳಗೆ ತುಂಬಿದರು. 1637ರಲ್ಲಿ ಪ್ಲೇಗು. ಊರಿನ ಇತರ ಪಾದ್ರಿಗಳಲ್ಲಿ ಒಬ್ಬ ಊರು ಬಿಟ್ಟ, ಇಬ್ಬರು ಸತ್ತರು. ಉಳಿದವನು ಇವನೊಬ್ಬ. ದಿನಕ್ಕೆ ನಲವತ್ತು ಐವತ್ತು ಹೆಣ. ಆ ವರ್ಷ 4,000ಕ್ಕೂ ಹೆಚ್ಚು ಜನರನ್ನ ಮಣ್ಣು ಮಾಡಿದ ಅಂತಾರೆ. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು.

ಹೆಂಡತಿಯನ್ನ ಹೂತು ಬಂದು ಅದೇ ರಾತ್ರಿ ಈ ಹಾಡು ಬರೆದ ಅಂತ ವಾಟ್ಸಾಪಿನಲ್ಲಿ ಕಥೆ ಓಡ್ತಾ ಇರುತ್ತೆ. ನನಗೂ ಬಂದಿತ್ತು, 2021ರಲ್ಲಿ, ಯಾಕೆ ಕಳಿಸಿದರು ಅಂತ ನಿಮಗೆ ಗೊತ್ತಾಯ್ತಲ್ಲ. ಆ ಕಥೆ ಸರಿಯಲ್ಲ. ಹಾಡು 1636ರ ಹೊತ್ತಿಗೇ ಇತ್ತು, ಪ್ಲೇಗಿಗೆ ಮೊದಲೇ. ಅವನು ಅದನ್ನ ಬರೆದದ್ದು ಊಟದ ಮೇಜಿನ ಸಣ್ಣ ಪ್ರಾರ್ಥನೆ ಅಂತ. ಮೊದಲೆರಡು ಚರಣಕ್ಕೆ ಆಧಾರ ಸಿರಾಖನ ಗ್ರಂಥದ 50ನೇ ಅಧ್ಯಾಯ. (ತಮಾಷೆ ನೋಡಿ, ಆ ಗ್ರಂಥ ನಮ್ಮ ಪ್ರಾಟೆಸ್ಟೆಂಟ್ ಬೈಬಲ್ಲಿನಲ್ಲಿ ಇಲ್ಲ, ಕ್ಯಾಥೊಲಿಕರದರಲ್ಲಿ ಉಂಟು!) ನನಗೆ ವಾಟ್ಸಾಪ್ ಕಥೆಗಿಂತ ಈ ನಿಜವೇ ದೊಡ್ಡದಾಗಿ ಕಾಣುತ್ತೆ. ದುಃಖದ ರಾತ್ರಿ ಎದ್ದು ನಿಂತು ಸಾಕ್ಷಿ ಹೇಳಿದ ವೀರನಲ್ಲ ಅವನು. ದಿನಾ ಊಟಕ್ಕೆ ಕೂತಾಗ ಹೇಳ್ತಿದ್ದ ಪ್ರಾರ್ಥನೆ ಅದು. 1637ರ ನಂತರವೂ ಮೇಜು ಅದೇ, ಒಂದು ಜಾಗ ಖಾಲಿ. ಆ ಮೇಜಿನಲ್ಲಿ ಆ ಪ್ರಾರ್ಥನೆ ಹೇಗೆ ಕೇಳಿಸಿರಬಹುದು, ಮೊದಲ ದಿನ ಗಂಟಲು ಕಟ್ಟಿ ಅರ್ಧಕ್ಕೇ ನಿಂತಿತೋ ಏನೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೀನಿ. ನನ್ನ ಡೈನಿಂಗ್ ಟೇಬಲಿಗೆ ನಾಲ್ಕು ಕುರ್ಚಿ.

ಮುಂದಿನ ಭಾಗವೂ ಕೇಳಬೇಕು. 1757ರ ಡಿಸೆಂಬರ್ 5ರಂದು ಲಾಯ್ಥೆನ್ ಯುದ್ಧದಲ್ಲಿ ಪ್ರಷ್ಯದ ಸೈನ್ಯ ಆಸ್ಟ್ರಿಯದವರನ್ನ ಸೋಲಿಸಿತು. ಆ ರಾತ್ರಿ ಹೆಣಗಳ ನಡುವೆ ಪ್ರಷ್ಯದ ಸೈನಿಕರು ಹಾಡಿದ್ದು ಇದೇ ಹಾಡು. ಅಂದಿನಿಂದ ಅದಕ್ಕೆ ಲಾಯ್ಥೆನ್ ಗೀತೆ ಅಂತಲೇ ಹೆಸರು ಬಿತ್ತು, ಗೆದ್ದವರ ಹಾಡಾಯ್ತು. ಮಕ್ಕಳ ಊಟದ ಪ್ರಾರ್ಥನೆಯನ್ನ ಗೆದ್ದವರ ರಸೀದಿ ಮಾಡೋಕೆ ನೂರಿಪ್ಪತ್ತು ವರ್ಷ ಸಾಕಾಯ್ತು. ನಮ್ಮ ಕಮಿಟಿಗೆ ಒಂದು ಡಿ.ಟಿ.ಪಿ. ಅಂಗಡಿ ಸಾಕು.

ಹಾಗಾದರೆ ಸಂತೋಷ ಅನ್ನೋದೇ ಬೇಡವಾ, ಅಳುಮುಖ ಹಾಕ್ಕೊಂಡು ಕೂರಬೇಕಾ ಅಂತ ಕೇಳ್ತೀರಿ. ಛೆ, ಯಾರು ಹೇಳಿದ್ದು! ನಾನು ಕಂಡ ಅತಿ ದೊಡ್ಡ ಕ್ರೈಸ್ತ ಸಂತೋಷ ನಮ್ಮೂರ ಕಡೆ ಬೆಳೆ ಹಬ್ಬದ ಏಲಂ. ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ ಎಲ್ಲರೂ ತಂತಮ್ಮ ಹಿತ್ತಲಿನದ್ದು ಚರ್ಚಿಗೆ ತರೋದು. ಬಾಳೆಗೊನೆ, ತೆಂಗಿನಕಾಯಿ, ಸೌತೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಐದು ರೂಪಾಯಿಯ ಕುಂಬಳಕಾಯಿ ಇಪ್ಪತ್ತಕ್ಕೆ ಹೋಗುತ್ತೆ, ತಗೊಂಡವರು ಅದನ್ನ ವಾಪಸ್ ಏಲಂಗೇ ಕೊಡ್ತಾರೆ, ಮತ್ತೆ ಮೂವತ್ತಕ್ಕೆ ಹೋಗುತ್ತೆ. ಒಂದೇ ಕುಂಬಳಕಾಯಿ ಆರು ಸಲ ಮಾರಾಟವಾಗಿ ಕೊನೆಗೆ ಊರಿನ ಅತಿ ಬಡ ಮನೆಯ ಚೀಲಕ್ಕೆ ಸೇರಿದ್ದನ್ನ ನಾನು ಕಂಡಿದ್ದೀನಿ, ಯಾರು ಹಾಕಿದರು ಅಂತ ಯಾರೂ ಹೇಳಲಿಲ್ಲ. ನಗು, ಕೇಕೆ, ಕೋಳಿ ತಪ್ಪಿಸಿಕೊಂಡು ಓಡೋದು, ಹುಡುಗರು ಅದರ ಹಿಂದೆ. ಮಳೆ ಕೈಕೊಟ್ಟ ವರ್ಷವೂ ಬೆಳೆ ಹಬ್ಬ ನಿಲ್ಲಲಿಲ್ಲ. ಅಮ್ಮ ಅಂಥದೊಂದು ವರ್ಷ ಎರಡೇ ಬದನೆಕಾಯಿ ತಗೊಂಡು ಹೋಗಿದ್ದರು. ಯಾವ ಚೌಕಕ್ಕೂ ಟಿಕ್ ಇರಲಿಲ್ಲ ಅದಕ್ಕೆ.

ನಾನು ಮತ್ತೆ ಹಾಡಿದ್ದು 2023ರಲ್ಲಿ. ಪವಾಡ ಏನೂ ಆಗಲಿಲ್ಲ. ಕರ್ತನ ಭೋಜನದ ಭಾನುವಾರ, ರೊಟ್ಟಿಯ ತಟ್ಟೆ ಬಂತು. ಆ ಸಂಸ್ಕಾರಕ್ಕೆ ಗ್ರೀಕಿನಲ್ಲ��� ಇರೋ ಹಳೇ ಹೆಸರು ಯೂಖರಿಸ್ತಿಯ, ಅರ್ಥ ಕೃತಜ್ಞತೆ. ಯೇಸು ರೊಟ್ಟಿ ಹಿಡಿದು ಸ್ತೋತ್ರ ಹೇಳಿದ್ದು ಹಿಡಿದುಕೊಡಲ್ಪಟ್ಟ ರಾತ್ರಿ, ಬೆಳಗಾದರೆ ಶಿಲುಬೆ. ಎಷ್ಟೋ ಸಲ ಕೇಳಿದ್ದ ಮಾತು, ಅವತ್ತು ಕಿವಿಗೆ ಬಿತ್ತು. ಪಕ್ಕದಲ್ಲಿ ಅವ್ವ ಕೂತಿದ್ದರು, ಅಪಸ್ವರದಲ್ಲಿ ಹಾಡ್ತಾ ಇದ್ದರು. ನಾನೂ ಸೇರಿಕೊಂಡೆ.

ಕವರಿನ ವಿಷಯ ಏನಾಯ್ತು ಅಂತ ಕೇಳ್ತೀರಾ? ಓಟಿಗೆ ಹಾಕಿದರು. ನಾನು ಸೋತೆ, ಏಳಕ್ಕೆ ನಾಲ್ಕು. ಹೊಸ ಕವರ್ ಪ್ರಿಂಟಿಗೆ ಹೋಗಿದೆ, ಸಾವಿರ ಪ್ರತಿ. ಒಂದು ರಾಜಿ ಮಾತ್ರ ಆಯ್ತು, ಅಯ್ಯನವರೇ ಸೂಚಿಸಿದ್ದು. ಹಳೇ ಖಾಲಿ ಕವರುಗಳನ್ನೂ ಬಾಗಿಲ ಹತ್ತಿರದ ಮೇಜಿನ ಮೇಲೆ ಇಡೋದು, ಬೇಕಾದವರು ತಗೊಳ್ಳಲಿ ಅಂತ. ಈ ಡಿಸೆಂಬರ್ 31ಕ್ಕೆ ಸಾಕ್ಷಿಯ ಹೊತ್ತಿನಲ್ಲಿ ಮೊದಲು ಹತ್ತು ನಿಮಿಷ ಆ ವರ್ಷ ಹೋದವರ ಹೆಸರು ಓದೋಣ ಅಂತಲೂ ಒಪ್ಪಿದ್ದಾರೆ. ನೋಡೋಣ.

ಅವ್ವನ ಕವರ್ ಹೋದ ಭಾನುವಾರ ಬಂತು. ಈ ಸಲ ನಾನು ಲೆಡ್ಜರಿನಲ್ಲಿ 25 ರೂಪಾಯಿ 50 ಪೈಸೆ ಕೃತಜ್ಞತಾ ಹೆಡ್‌ಗೆ, 25 ರೂಪಾಯಿ 50 ಪೈಸೆ ಸ್ಮರಣಾರ್ಥ ಹೆಡ್‌ಗೆ ಹಾಕಿದ್ದೀನಿ. ಮಾರ್ಚ್‌ನಲ್ಲಿ ಆಡಿಟರ್ ಬಂದಾಗ ಖಂಡಿತ ಕೇಳ್ತಾರೆ.